ತರಬೇತಿಗೆ ಬರವಿಲ್ಲ, ರಸ್ತೆ ನೋಡುವವರಿಲ್ಲ

ಸರ್ಕಾರಿ ನೌಕರರಿಗೆ ಪಾಠ ಹೇಳುವ ಸಂಸ್ಥೆಗಳನ್ನು ಲೆಕ್ಕ ಹಾಕುತ್ತಾ ಹೋದರೆ, ಬೆಂಗಳೂರು ಬಿಟ್ಟು ಮೈಸೂರಿಗೆ ಸಾಟಿಯಾಗುವ ಊರು ರಾಜ್ಯದಲ್ಲಿ ಸಿಗುವುದು ಕಷ್ಟ. ಲಲಿತಮಹಲ್ ರಸ್ತೆಯಲ್ಲಿ ಆಡಳಿತ ತರಬೇತಿ ಸಂಸ್ಥೆ ಇದೆ. ನಗರಾಭಿವೃದ್ಧಿಗೆ ಒಂದು ರಾಜ್ಯ ಸಂಸ್ಥೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆ ಅಬ್ದುಲ್ ನಜೀರ್ ಸಾಬ್ ಹೆಸರಿನ ಮತ್ತೊಂದು. ಕೃಷ್ಣರಾಜಸಾಗರದ ಬಳಿ 1944ರಿಂದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ನಡೆಯುತ್ತಿದೆ. ಮಣ್ಣು, ಕಾಂಕ್ರೀಟು, ಅಣೆಕಟ್ಟೆಯ ಮಾದರಿ ಎಲ್ಲವನ್ನೂ ಪರೀಕ್ಷಿಸುವ ಜಾಗ ಅದು. 1946ರಲ್ಲಿ ಶುರುವಾದ ಎನ್‌ಐಇ ಎಂಜಿನಿಯರಿಂಗ್ ಕಾಲೇಜು ಮೈಸೂರಿನಲ್ಲಿ, 1962ರ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಮಂಡ್ಯದಲ್ಲಿ. ಇಷ್ಟೆಲ್ಲ ಇದ್ದೂ ನಾಲ್ಕು ಹದ ಮಳೆ ಬಿದ್ದರೆ ಸಾಕು, ಒಳರಸ್ತೆಗಳಲ್ಲಿ ಮೊನ್ನೆ ಮೊನ್ನೆ ಹಾಕಿದ ಡಾಂಬರು ಚಕ್ಕೆ ಏಳುತ್ತದೆ. ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಗರಂ ಆಗುತ್ತಾರೆ, ಅಧಿಕಾರಿಗಳು ತಲೆ ತಗ್ಗಿಸುತ್ತಾರೆ, ಕೊನೆಗೆ ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಮಾತು ಹೊರಬೀಳುತ್ತದೆ: ಸಿಬ್ಬಂದಿಗೆ ಸರಿಯಾದ ತರಬೇತಿ ಕೊಡಿಸಬೇಕು.

ಕೊಡಿಸಲಿ, ಬೇಡ ಎನ್ನುವವರಾರು. ಆದರೆ ತರಬೇತಿಯ ಕೊರತೆ ಎಂದು ನಾವು ಹೆಸರಿಟ್ಟಿರುವ ಕಾಯಿಲೆಯಲ್ಲಿ ಮುಕ್ಕಾಲು ಪಾಲು ಲೋಕೋಪಯೋಗಿ ಇಲಾಖೆಯನ್ನು (ಪಿಡಬ್ಲ್ಯುಡಿ) ಕಟ್ಟಿರುವ ಬಗೆಯಿಂದ ಬಂದದ್ದು. ಕಲಿತವನು ಕಲಿತ ಜಾಗದಲ್ಲಿ ನಿಲ್ಲುವುದಿಲ್ಲ. ನಿಂತವನಿಗೆ ಕೆಲಸದ ಜಾಗಕ್ಕೆ ಹೋಗಲು ಪುರಸೊತ್ತಿಲ್ಲ. ಜಾಗದಲ್ಲಿ ದಿನವೂ ಇರಬೇಕಾದ ಕೆಳಗಿನ ಸಿಬ್ಬಂದಿಯ ಹುದ್ದೆಯೇ ಕರಗಿಹೋಗಿದೆ. ಈ ಮೂರನ್ನು ಹಾಗೇ ಬಿಟ್ಟು ಯಾರನ್ನು ಎಷ್ಟು ದಿನ ಮೈಸೂರಿಗೆ ಕರೆಸಿ ಕೂರಿಸಿದರೂ ಸಿಗುವುದು ಒಂದು ಪ್ರಮಾಣಪತ್ರ, ಒಂದು ಫೈಲು, ಮಧ್ಯಾಹ್ನದ ಊಟ.

ಇಲಾಖೆಯ ಏಣಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮೇಲೆ ಮುಖ್ಯ ಎಂಜಿನಿಯರ್, ವೃತ್ತಕ್ಕೆ ಅಧೀಕ್ಷಕ ಎಂಜಿನಿಯರ್, ವಿಭಾಗಕ್ಕೆ ಕಾರ್ಯಪಾಲಕ ಎಂಜಿನಿಯರ್, ಉಪವಿಭಾಗಕ್ಕೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ), ಅದರ ಕೆಳಗೆ ಸೆಕ್ಷನ್ ನೋಡಿಕೊಳ್ಳುವ ಸಹಾಯಕ ಎಂಜಿನಿಯರ್ (ಎಇ) ಅಥವಾ ಕಿರಿಯ ಎಂಜಿನಿಯರ್ (ಜೆಇ). ಅಲ್ಲಿಗೆ ಎಂಜಿನಿಯರ್‌ಗಳು ಮುಗಿದರು. ಅದಕ್ಕೂ ಕೆಳಗೆ ವರ್ಕ್ ಇನ್‌ಸ್ಪೆಕ್ಟರ್, ಮೇಸ್ತ್ರಿ, ಗ್ಯಾಂಗ್‌ಮನ್, ನೀರಾವರಿಯಾದರೆ ನಾಲೆಯ ನೀರು ಹಂಚುವ ಸವಡಿ, ನೀರುಗಂಟಿ. ಕೆಲಸದ ಗುಣಮಟ್ಟ ತೀರ್ಮಾನವಾಗುವುದು ಈ ಏಣಿಯ ಕೊನೆಯ ಮೂರು ಮೆಟ್ಟಿಲುಗಳಲ್ಲಿ. ತರಬೇತಿಯ ಪಟ್ಟಿ ತಯಾರಾಗುವುದು ಮಾತ್ರ ಮೇಲಿನ ಮೂರು ಮೆಟ್ಟಿಲುಗಳನ್ನು ಕಣ್ಣಮುಂದೆ ಇಟ್ಟುಕೊಂಡು.

ಇನ್ನು ಏಣಿ ಒಂದೇ ಇದ್ದಿದ್ದರೆ ವಾಸಿಯಿತ್ತು. ಹಿಂದೆ ನೀರಾವರಿ ಕೂಡ ಪಿಡಬ್ಲ್ಯುಡಿ ಒಳಗೇ ಇತ್ತು. ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ, ಕಟ್ಟಿದ್ದು ಮೈಸೂರು ಸಂಸ್ಥಾನದ ಲೋಕೋಪಯೋಗಿ ಎಂಜಿನಿಯರ್‌ಗಳೇ. ಈಗ ಜಲಸಂಪನ್ಮೂಲ ಇಲಾಖೆ ಬೇರೆ, ಅದರ ಕೆಳಗೆ 2003ರಲ್ಲಿ ಹುಟ್ಟಿದ ಕಾವೇರಿ ನೀರಾವರಿ ನಿಗಮ ಬೇರೆ. ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ದೊಡ್ಡ ರಸ್ತೆ ಯೋಜನೆಗೆ 1999ರ ರಸ್ತೆ ಅಭಿವೃದ್ಧಿ ನಿಗಮ. ಜನ ಇನ್ನೂ ಭೂಸೇನೆ ಎಂದೇ ಕರೆಯುವ ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರ, ನಗರಸಭೆ, ಹೆದ್ದಾರಿಯಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಮಂಡ್ಯದ ಒಬ್ಬ ರೈತ ಗದ್ದೆಯಿಂದ ಕಬ್ಬು ತುಂಬಿಕೊಂಡು ಕಾರ್ಖಾನೆ ಗೇಟು ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಕಚೇರಿಗಳ ಸರಹದ್ದು ದಾಟಿರುತ್ತಾನೆ. ಮೋರಿ ಕುಸಿದಿದೆ ಎಂದು ದೂರು ಕೊಡಲು ಹೋದರೆ ಮೊದಲ ಉತ್ತರ ಸಾಮಾನ್ಯವಾಗಿ "ಅದು ನಮಗೆ ಬರಲ್ಲ".

ಈ ಹಂಚಿಕೆಯ ಬೆಲೆ ಏನೆಂದು ಮಂಡ್ಯಕ್ಕೆ ಗೊತ್ತು. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಪಘಾತಕ್ಕೆ ಕಾರಣ ಒಂದೇ ಇರುವುದಿಲ್ಲ. ಆದರೆ ಆಮೇಲೆ ಊರೂರಲ್ಲಿ ಎದ್ದ ಪ್ರಶ್ನೆ ಒಂದೇ: ನಾಲೆ ಏರಿ ಮೇಲೆ ರಸ್ತೆ ಇದೆ, ತಡೆಗೋಡೆ ಏಕಿಲ್ಲ? ನಾಲೆಯ ಕಡೆಯಿಂದ ನೋಡಿದರೆ ಏರಿ ಎಂಬುದು ನೀರು ನಿಲ್ಲಿಸುವ ದಿಬ್ಬ, ತಪಾಸಣೆಗೆ ಜೀಪು ಹೋಗಿಬರುವ ಹಾದಿ. ಊರಿನ ಕಡೆಯಿಂದ ನೋಡಿದರೆ ಅದೇ ಬಸ್ಸು ಬರುವ ರಸ್ತೆ. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಯಾವ ಕಚೇರಿಯ ಕೆಲಸದ ವಿವರದಲ್ಲೂ ಬರೆದಿರುವುದಿಲ್ಲ. ರಸ್ತೆ ಸುರಕ್ಷತೆಯ ಮೇಲೆ ಕಾರ್ಯಾಗಾರ ಮಾಡುವಾಗ ರಸ್ತೆ ಎಂಜಿನಿಯರ್‌ಗಳನ್ನು ಒಂದು ಹಾಲ್‌ಗೆ, ನಾಲೆ ಎಂಜಿನಿಯರ್‌ಗಳನ್ನು ಇನ್ನೊಂದು ಹಾಲ್‌ಗೆ ಕರೆದರೆ ಈ ಅಂತರ ಮುಚ್ಚುವುದಿಲ್ಲ, ಇನ್ನಷ್ಟು ಅಗಲವಾಗುತ್ತದೆ.

ಈಗ ಸೆಕ್ಷನ್ ಎಂಜಿನಿಯರ್‌ನ ಮೇಜಿಗೆ ಬರೋಣ. ಹೆಸರು ಬೇಡ, ತಾಲ್ಲೂಕೂ ಬೇಡ. ಯಾವ ಉಪವಿಭಾಗಕ್ಕೆ ಹೋದರೂ ಚಿತ್ರ ಹೆಚ್ಚೂಕಡಿಮೆ ಇದೇ. ಇರುವುದು ಒಂದು ಸೆಕ್ಷನ್, ಜತೆಗೆ ಪಕ್ಕದ ಸೆಕ್ಷನ್ನಿನ ಪ್ರಭಾರ. ಬೆಳಿಗ್ಗೆ ಶಾಸಕರ ಗುದ್ದಲಿ ಪೂಜೆ. ಅಲ್ಲಿಂದ ಬರುವಷ್ಟರಲ್ಲಿ ವಿಧಾನಸಭೆ ಪ್ರಶ್ನೆಗೆ ಉತ್ತರ ಕಳಿಸಿ ಎಂದು ವಾಟ್ಸ್‌ಆಪ್ ಗುಂಪಿನಲ್ಲಿ ಮೆಸೇಜು. ಅದು ಹೋದ ಅಧಿವೇಶನದಲ್ಲಿ ಕಳಿಸಿದ ಮಾಹಿತಿಯೇ, ಈ ಸಲ ನಮೂನೆ ಬೇರೆ. ಅಂದಾಜು ಪಟ್ಟಿಯನ್ನು ಹೊಸ ಎಸ್‌ಆರ್ (ಇಲಾಖೆಯ ದರಪಟ್ಟಿ) ದರಕ್ಕೆ ತಿದ್ದಬೇಕು. ಭೂಸ್ವಾಧೀನದ ಹಳೇ ಕೇಸಿಗೆ ವಕೀಲರ ಹತ್ತಿರ ಹೋಗಬೇಕು. ಮಾಹಿತಿ ಹಕ್ಕಿನ ಎರಡು ಅರ್ಜಿ. ಸಂಜೆ ವಿಡಿಯೊ ಕಾನ್ಫರೆನ್ಸು. ಈ ನಡುವೆ ಎಲ್ಲೋ ಮೂವತ್ತು ಕಿಲೋಮೀಟರ್ ಆಚೆ ಡಾಂಬರು ಹಾಕುವ ಕೆಲಸ ನಡೆಯುತ್ತಿದೆ. ಅಲ್ಲಿ ನಿಂತಿರುವುದು ಗುತ್ತಿಗೆದಾರನ ಸೂಪರ್‌ವೈಸರ್. ಅಳತೆ ಪುಸ್ತಕ, ಅಂದರೆ ಎಂಬಿ, ಬರೆಯಬೇಕಾದವನು ಎಂಜಿನಿಯರ್. ಅಳತೆ ಹೇಳುವವನು ಸೂಪರ್‌ವೈಸರ್ ಆದಾಗ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹೆಣ್ಣುಮಕ್ಕಳು ಈ ಸೆಕ್ಷನ್‌ಗಳಿಗೆ ಈಗ ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದಾರೆ. ಸೈಟಿನಲ್ಲಿ ಶೌಚಾಲಯವಿಲ್ಲ, ಇಲಾಖೆಯ ಗಾಡಿ ಎಇಇ ಅವರ ಬಳಿ ಇರುತ್ತದೆ, ರಾತ್ರಿ ಕಾಂಕ್ರೀಟು ಹಾಕುವ ದಿನ ಒಬ್ಬರೇ ಸ್ಕೂಟಿಯಲ್ಲಿ ಹೋಗಬೇಕು. ಇದನ್ನು ಯಾವ ತರಬೇತಿ ಕೈಪಿಡಿಯಲ್ಲೂ ನಾನು ಕಂಡಿಲ್ಲ.

ಇದರ ಮೇಲೆ ಕ್ಯಾಲೆಂಡರು. ರಸ್ತೆ ಕೆಲಸಕ್ಕೆ ನಮ್ಮ ಕಡೆ ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್‌ವರೆಗೆ. ಆದರೆ ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳು ಎಂಜಿನಿಯರ್ ಬಿಲ್ಲಿನ ಹಿಂದೆ ಇರುತ್ತಾನೆ, ರಸ್ತೆಯ ಮೇಲಲ್ಲ. ಬಿಲ್ಲು ಮುಗಿಯಿತು ಎನ್ನುವಾಗ ಸಾರ್ವತ್ರಿಕ ವರ್ಗಾವಣೆಯ ಗಾಳಿ ಏಳುತ್ತದೆ. ಮೇ, ಜೂನ್ ಪೂರ್ತಿ ಯಾರು ಎಲ್ಲಿಗೆ, ಯಾರ ಪತ್ರ, ಯಾರ ತಡೆಯಾಜ್ಞೆ ಎಂಬುದೇ ಮಾತು. ಜೂನ್ ಹೊತ್ತಿಗೆ ಮಳೆ ಶುರು. ಅಂದರೆ ರಸ್ತೆಗೆ ಪರೀಕ್ಷೆ ಶುರುವಾಗುವ ವಾರದಲ್ಲೇ ಆ ರಸ್ತೆಯ ಮುಖ ನೋಡದ ಹೊಸ ಎಂಜಿನಿಯರ್ ಅಧಿಕಾರ ವಹಿಸಿಕೊಳ್ಳುತ್ತಾನೆ. ಹಳಬನಿಂದ ಹೊಸಬನಿಗೆ ಕೈಬದಲಾಗುವುದು ಎಂಬಿಗಳ ಸಂಖ್ಯೆ, ಬಾಕಿ ಬಿಲ್ಲಿನ ಪಟ್ಟಿ, ಪೀಠೋಪಕರಣದ ಲೆಕ್ಕ. ಯಾವ ಮೋರಿ ಪ್ರತಿ ಆಗಸ್ಟ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ತಿರುವಿನಲ್ಲಿ ಕೆಳಗಿನಿಂದ ನೀರು ಜಿನುಗುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಈ ಸ್ಥಳಜ್ಞಾನ ಎಷ್ಟು ಮುಖ್ಯ ಎಂಬುದಕ್ಕೆ ಮಂಡ್ಯಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ರಸ್ತೆಯ ಎರಡೂ ಬದಿ ಭತ್ತದ ಗದ್ದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನಾಲೆಗೆ ನೀರು ಬಿಟ್ಟಾಗ ಗದ್ದೆಯ ನೀರಿನ ಮಟ್ಟವೂ ರಸ್ತೆಯ ತಳದ ಮಟ್ಟವೂ ಹೆಚ್ಚೂಕಡಿಮೆ ಒಂದೇ ಆಗುತ್ತದೆ. ರಸ್ತೆಯ ದಪ್ಪ ನಿರ್ಧರಿಸುವಾಗ ಕೆಳಗಿನ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ ಅದರ ತಾಳಿಕೆ ಅಳೆಯಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮ ಹೇಳುವುದು ಇದಕ್ಕೇ. ಅದನ್ನು ಕಾಗದದ ಮೇಲೆ ಮಾತ್ರ ಮಾಡಿದರೆ ರಸ್ತೆ ಒಣ ನೆಲಕ್ಕೆ ತಕ್ಕಷ್ಟು ದಪ್ಪವಾಗುತ್ತದೆ, ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೈಲರ್ ಎಳೆದುಕೊಂಡು ಬರುತ್ತದೆ. ಕಲಬುರಗಿಯ ಎರೆಮಣ್ಣಿನಲ್ಲಿ ಹತ್ತು ವರ್ಷ ದುಡಿದ ಒಳ್ಳೆಯ ಎಂಜಿನಿಯರ್ ಕೂಡ ಮಂಡ್ಯಕ್ಕೆ ಬಂದ ಮೊದಲ ವರ್ಷ ಇಲ್ಲಿ ಹೊಸಬನೇ. ಅವನಿಗೆ ಪಾಠ ಹೇಳಬಲ್ಲವನು ಪ್ರಾಧ್ಯಾಪಕನಿಗಿಂತ ಹೆಚ್ಚಾಗಿ ಆ ರಸ್ತೆಯಲ್ಲೇ ಇಪ್ಪತ್ತು ವರ್ಷ ಸನಿಕೆ ಹಿಡಿದ ಗ್ಯಾಂಗ್‌ಮನ್. "ಇಲ್ಲಿ ಜೌಗು ಅದೆ ಸಾ, ಎಷ್ಟು ಜಲ್ಲಿ ಸುರುದ್ರೂ ತಿಂದಾಕ್‌ಬುಡ್ತದೆ" ಎಂದು ಹೇಳಬಲ್ಲವನು ಅವನು.

ಆ ಗ್ಯಾಂಗ್‌ಮನ್ ಏನು ಮಾಡುತ್ತಿದ್ದ? ಇಂತಿಷ್ಟು ಮೈಲಿಗೆ ಒಂದು ಗ್ಯಾಂಗು. ಮಳೆಗಾಲಕ್ಕೆ ಮುಂಚೆ ರಸ್ತೆಯಂಚಿನಲ್ಲಿ ಬೆಳೆದ ಹುಲ್ಲು, ಕೂತ ಮಣ್ಣು ಕೆರೆದು ನೀರು ಪಕ್ಕಕ್ಕೆ ಹರಿಯಲು ಸಣ್ಣ ಕಾಲುವೆ ಕಡಿಯುವುದು. ಮೋರಿಯ ಬಾಯಿಗೆ ಸಿಕ್ಕಿಕೊಂಡ ಕಸಕಡ್ಡಿ ತೆಗೆಯುವುದು. ಅಂಗೈಯಗಲದ ಗುಂಡಿ ತಟ್ಟೆಯಗಲ ಆಗುವ ಮೊದಲೇ ಮುಚ್ಚುವುದು. ನೋಡಲು ಏನೂ ಅಲ್ಲದ ಕೆಲಸ. ಆದರೆ ಡಾಂಬರು ರಸ್ತೆಯ ಶತ್ರು ಲಾರಿಗಿಂತ ಹೆಚ್ಚಾಗಿ ನೀರು. ರಸ್ತೆಗೆ ಎರಡು, ಎರಡೂವರೆ ಶೇಕಡದ ಇಳಿಜಾರು ಕೊಟ್ಟಿರುವುದೇ ನೀರು ಅಂಚಿಗೆ ಹೋಗಲೆಂದು. ಅಂಚಿನಲ್ಲಿ ಮಣ್ಣಿನ ಬದು ಎದ್ದಿದ್ದರೆ ಆ ಇಳಿಜಾರು ಇದ್ದೂ ಇಲ್ಲ. ಬದು ಕೆರೆಯಲು ಬೇಕಿರುವುದು ಒಂದು ಸನಿಕೆ, ಒಬ್ಬ ಮನುಷ್ಯ. ಅದನ್ನು ಕೆರೆಯದೆ ಬಿಟ್ಟರೆ ಮೂರು ವರ್ಷಕ್ಕೆ ಬೇಕಾಗುವುದು ಹೊಸ ಟೆಂಡರು.

ಗ್ಯಾಂಗ್‌ಮನ್‌ಗಳು ಮಾಯವಾದದ್ದು ಒಂದೇ ದಿನದಲ್ಲಿ ಅಲ್ಲ, ಯಾರೋ ಒಬ್ಬರ ದುರುದ್ದೇಶದಿಂದಲೂ ಅಲ್ಲ. ಇಲಾಖೆ ದಶಕಗಳ ಕಾಲ ದಿನಗೂಲಿಗಳ ಮೇಲೆ ನಡೆಯಿತು. ಹತ್ತಾರು ವರ್ಷ ದುಡಿದವರನ್ನೂ ಕಾಯಂ ಮಾಡಲಿಲ್ಲ. ಧಾರವಾಡ ಜಿಲ್ಲೆಯ ಪಿಡಬ್ಲ್ಯುಡಿ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ, 1990ರಲ್ಲಿ ತೀರ್ಪು ಬಂದು, 1984ರ ಜುಲೈ 1ಕ್ಕೆ ಮುಂಚೆ ಸೇರಿದವರನ್ನು ಹಂತಹಂತವಾಗಿ ಕಾಯಂಗೊಳಿಸುವ ಯೋಜನೆ ಜಾರಿಯಾಯಿತು. ಆಮೇಲೆ ಸೇರಿದವರು ಮತ್ತೆ ಕೋರ್ಟು ಅಲೆದರು. 2006ರಲ್ಲಿ ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೇಮಕಾತಿ ನಿಯಮ ಮೀರಿ ಸೇರಿದವರನ್ನು ಕಾಯಂ ಮಾಡುವಂತಿಲ್ಲ ಎಂದಿತು. 2012ರಲ್ಲಿ ರಾಜ್ಯ ಸರ್ಕಾರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು, ಇದ್ದವರು ನಿವೃತ್ತಿಯವರೆಗೆ ಮುಂದುವರಿಯಲು ದಾರಿ ಮಾಡಿತು. ಇದ್ದವರಿಗೆ ನ್ಯಾಯ ಸಿಕ್ಕಿತು ಎನ್ನೋಣ. ಆದರೆ ಈ ಎಲ್ಲ ಗುದ್ದಾಟದಿಂದ ಸರ್ಕಾರ ಕಲಿತ ಪಾಠ ವಿಚಿತ್ರ: ಕೆಳಹಂತಕ್ಕೆ ಯಾರನ್ನೂ ತೆಗೆದುಕೊಳ್ಳಲೇಬಾರದು. ನಿವೃತ್ತರಾದವರ ಜಾಗ ಖಾಲಿ ಬಿತ್ತು, ಬೇಕೆಂದಾಗ ಹೊರಗುತ್ತಿಗೆ. ನಾಲೆಯ ಸವಡಿಗಳದ್ದೂ ಇದೇ ಕಥೆ. ಯಾವ ತೂಬನ್ನು ಎಷ್ಟು ತಿರುಗಿಸಿದರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುತ್ತದೆ ಎಂಬ ಲೆಕ್ಕ ಕೈಯಲ್ಲಿ ಕೂತಿರುವುದು ಅವನಿಗೆ. ಏಜೆನ್ಸಿಯವರು ಆರು ತಿಂಗಳಿಗೆ ಕಳಿಸಿದ ಹುಡುಗನಿಗೆ ಅದು ಹೇಗೆ ಬರಬೇಕು?

ಹೊರಗುತ್ತಿಗೆಯವನಿಗೆ ತರಬೇತಿ ಕೊಡಲು ಇಲಾಖೆಗೆ ಮನಸ್ಸಿಲ್ಲ, ಅವನು ತನ್ನವನಲ್ಲ. ಏಜೆನ್ಸಿಗೂ ಮನಸ್ಸಿಲ್ಲ, ಅವನು ನಾಳೆ ಬಿಟ್ಟುಹೋಗುತ್ತಾನೆ. ರಾಷ್ಟ್ರೀಯ ತರಬೇತಿ ನೀತಿ 2012ರಲ್ಲಿ ಪ್ರತಿ ಇಲಾಖೆಯೂ ಸಂಬಳದ ಬಜೆಟ್ಟಿನ ಕನಿಷ್ಠ ಶೇ 2.5ರಷ್ಟನ್ನು ತರಬೇತಿಗೆ ಎತ್ತಿಡಬೇಕೆಂದು ಹೇಳಿದೆ. ಒಳ್ಳೆಯದು. ಆದರೆ ಹೊರಗುತ್ತಿಗೆಯವರ ಹಣ ಸಂಬಳದ ಲೆಕ್ಕಕ್ಕೇ ಬರುವುದಿಲ್ಲವಲ್ಲ! ನೆಲದ ಮೇಲೆ ಕೆಲಸ ಮಾಡುವವನು ಶೇಕಡಾವಾರಿನ ಲೆಕ್ಕದಿಂದಲೇ ಹೊರಗೆ.

ಇನ್ನು ಕಾಯಂ ಸಿಬ್ಬಂದಿಗೆ ಸಿಗುವ ತರಬೇತಿ. ಸೇವೆಗೆ ಸೇರಿದವರು ಪ್ರೊಬೇಷನ್ ಮುಗಿಸಲು ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆ ಪಾಸಾಗಬೇಕು. ಲೆಕ್ಕಪತ್ರ, ಸೇವಾ ನಿಯಮ, ಇಲಾಖೆಯ ಸಂಹಿತೆ. ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆ ಗೊತ್ತಿರಬೇಕು, ಟೆಂಡರು ಪೋರ್ಟಲ್ಲು ಗೊತ್ತಿರಬೇಕು, ಖಜಾನೆ ತಂತ್ರಾಂಶ ಗೊತ್ತಿರಬೇಕು. ಇವು ಬೇಡವೆಂದು ಯಾರೂ ಹೇಳುವುದಿಲ್ಲ. ತಪ್ಪಿದರೆ ಆಡಿಟ್ ಆಕ್ಷೇಪಣೆ, ಇಲಾಖಾ ವಿಚಾರಣೆ. ಆದ್ದರಿಂದಲೇ ಎಲ್ಲರ ಗಮನವೂ ಅಲ್ಲಿಗೆ ಹೋಗುತ್ತದೆ. ಕಾಗದ ತಪ್ಪಿದರೆ ಶಿಕ್ಷೆ ಖಚಿತ, ರಸ್ತೆ ತಪ್ಪಿದರೆ ಮಳೆಯ ಮೇಲೆ ಹಾಕಬಹುದು. ಈಚೆಗೆ ಕೇಂದ್ರದ ಕರ್ಮಯೋಗಿ ವೇದಿಕೆಯ ಆನ್‌ಲೈನ್ ಪಾಠಗಳೂ ಬಂದಿವೆ. ಮೊಬೈಲಿನಲ್ಲಿ ವಿಡಿಯೊ ಓಡಿಸಿಬಿಟ್ಟು ಪಕ್ಕದಲ್ಲಿ ಫೈಲು ನೋಡುವವರನ್ನು ನಾನಂತೂ ದೂರುವುದಿಲ್ಲ; ಗುರಿ ಕೊಟ್ಟಿರುವುದು ಎಷ್ಟು ಕೋರ್ಸು ಮುಗಿಸಿದಿರಿ ಎಂದು.

ಕಲಿಯಬೇಕಾದ ವಿಷಯ ಎಂಥದ್ದು ಎಂಬುದಕ್ಕೆ ಒಂದೇ ಒಂದು ಸಂಗತಿ ಹತ್ತಿರದಿಂದ ನೋಡೋಣ. ನಮ್ಮಲ್ಲಿ ಹೆಚ್ಚು ಬಳಸುವ ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕು. ರಸ್ತೆಯ ಮೇಲೆ ಹಾಸುವಾಗ 140ಕ್ಕಿಂತ ಕಡಿಮೆಯಾಗಿರಬಾರದು. ರೋಲರ್ ಕೆಲಸ 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಪ್ಲಾಂಟು ದೂರವಿದ್ದು, ಟಿಪ್ಪರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಮೇಲೆ ಟಾರ್ಪಾಲು ಸರಿಯಾಗಿ ಮುಚ್ಚದೆ ಇದ್ದರೆ ಬರುವಷ್ಟರಲ್ಲಿ ಮಾಲು ಆರಿರುತ್ತದೆ. ಆರಿದ ಮಾಲನ್ನು ಎಷ್ಟು ಸಲ ರೋಲ್ ಮಾಡಿದರೂ ಒಳಗೆ ಪೊಳ್ಳು ಉಳಿಯುತ್ತದೆ, ಅಲ್ಲಿಗೆ ನೀರು ಇಳಿಯುತ್ತದೆ. ಅತಿಯಾಗಿ ಕಾಯಿಸಿದ್ದರೆ ನೀಲಿ ಹೊಗೆ ಏಳುತ್ತದೆ. ಆ ಡಾಂಬರು ಸುಟ್ಟು ಅಂಟು ಕಳೆದುಕೊಂಡಿರುತ್ತದೆ. ಇದನ್ನು ಹಿಡಿಯಲು ಬೇಕಿರುವುದು ಒಂದು ಥರ್ಮಾಮೀಟರು, ಟಿಪ್ಪರಿನ ಮೇಲೆ ಹತ್ತಿ ಅದನ್ನು ಮಾಲಿನೊಳಗೆ ಚುಚ್ಚುವ ಒಂದು ಕೈ, ಮತ್ತು "ಈ ಲೋಡು ವಾಪಸ್" ಎಂದು ಹೇಳುವ ಧೈರ್ಯ. ಮೊದಲನೆಯದು ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದನ್ನು ಒಂದು ಬೆಳಿಗ್ಗೆಯಲ್ಲಿ ಕಲಿಸಬಹುದು. ಮೂರನೆಯದು ಬರುವುದು ಹಿಂದೆ ಎಇಇ ನಿಂತಿದ್ದಾರೆ, ನಾಳೆ ವರ್ಗಾವಣೆ ಆಗುವುದಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ. ಅದಕ್ಕೇ ತರಬೇತಿಯನ್ನು ಸಂಘಟನೆಯಿಂದ ಬೇರೆ ಮಾಡಿ ಮಾತಾಡಲು ಬರುವುದಿಲ್ಲ ಎನ್ನುವುದು.

ಇಲ್ಲಿ ಓದುಗರು ನಗಬಹುದು. ಪಿಡಬ್ಲ್ಯುಡಿಯವರಿಗೆ ಬೇಕಿರುವುದು ಲೋಕಾಯುಕ್ತ, ತರಬೇತಿ ಅಲ್ಲ ಎಂದು. ಪರ್ಸೆಂಟೇಜಿನ ಮಾತು ಹಳ್ಳಿಯ ಟೀ ಅಂಗಡಿಯಲ್ಲೂ ನಡೆಯುತ್ತದೆ, ಅದನ್ನು ಅಲ್ಲಗಳೆಯುವ ಉತ್ಸಾಹ ನನಗಿಲ್ಲ. ಆದರೆ ಎರಡು ವಿಷಯ. ಲಂಚ ಮುಟ್ಟದ ಎಂಜಿನಿಯರ್‌ಗೂ 120 ಡಿಗ್ರಿಯ ಮಾಲು ಯಾವುದೆಂದು ಗೊತ್ತಿಲ್ಲದಿದ್ದರೆ ರಸ್ತೆ ಉಳಿಯುವುದಿಲ್ಲ. ಇನ್ನೊಂದು, ಗೊತ್ತಿಲ್ಲದ ಎಂಜಿನಿಯರ್ ಗುತ್ತಿಗೆದಾರನಿಗೆ ಬಹಳ ಅನುಕೂಲ. ಅಂಥ ಎಂಜಿನಿಯರ್‌ಗೆ ಲಂಚ ಕೊಡುವುದೂ ಬೇಕಿಲ್ಲ.

ಕೆಲಸ ಮತ್ತು ಕಲಿಕೆ ಒಂದೇ ಸೂರಿನಡಿ ಇದ್ದ ಕಾಲವೊಂದಿತ್ತು. ಈ ದೇಶದ ಹಳೆಯ ಎಂಜಿನಿಯರಿಂಗ್ ಕಾಲೇಜುಗಳು ಹುಟ್ಟಿದ್ದೇ ಲೋಕೋಪಯೋಗಿ ಕೆಲಸಕ್ಕೆ ಜನ ತಯಾರು ಮಾಡಲು. ಗಂಗಾ ಕಾಲುವೆ ತೋಡುವಾಗ 1847ರಲ್ಲಿ ರೂರ್ಕಿ. 1854ರಲ್ಲಿ ಪುಣೆಯಲ್ಲಿ ಶುರುವಾದದ್ದು ಇಲಾಖೆಯ ಕೆಳಹಂತದ ನೌಕರರಿಗೆ ಕಲಿಸುವ ಶಾಲೆ. ಅದೇ ಮುಂದೆ ಎಂಜಿನಿಯರಿಂಗ್ ಕಾಲೇಜಾಗಿ, ಅಲ್ಲಿ ಓದಿದ ವಿಶ್ವೇಶ್ವರಯ್ಯ 1884ರಲ್ಲಿ ಮುಂಬೈ ಪಿಡಬ್ಲ್ಯುಡಿಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬರುವ ಹೊತ್ತಿಗೆ ಅವರ ಬೆನ್ನಿಗೆ ಕಾಲು ಶತಮಾನದ ಕ್ಷೇತ್ರದ ಅನುಭವ ಇತ್ತು. ಪ್ರತಿ ಸೆಪ್ಟೆಂಬರ್ 15ರಂದು ಇಲಾಖೆಯ ಕಚೇರಿಗಳಲ್ಲಿ ಅವರ ಫೋಟೊಗೆ ಹಾರ ಹಾಕುವಾಗ ಈ ಕಾಲು ಶತಮಾನ ನೆನಪಾಗುವುದಿಲ್ಲ. 1911ರಲ್ಲಿ ಶುರುವಾಗಿ 1931-32ರ ಹೊತ್ತಿಗೆ ಮುಗಿದ ಕನ್ನಂಬಾಡಿ ಕೆಲಸ ಎರಡು ತಲೆಮಾರಿನ ಓವರ್ಸಿಯರ್‌ಗಳಿಗೆ, ಕಲ್ಲುಕುಟಿಗರಿಗೆ, ಗಾರೆಯವರಿಗೆ ಶಾಲೆಯಾಗಿತ್ತು. ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯ ಹದ ಪುಸ್ತಕ ಓದಿ ಬರುವಂಥದ್ದಲ್ಲ. ಮುಂದೆ ಇದೇ ಇಲಾಖೆಯ ಗಣೇಶ್ ಅಯ್ಯರ್ ಮಾರ್ಕೋನಹಳ್ಳಿ ಜಲಾಶಯಕ್ಕೆ ತಾನಾಗಿಯೇ ನೀರು ಹೊರಹಾಕುವ ವಾಲ್ಯೂಟ್ ಸೈಫನ್ ರೂಪಿಸಿದರು. ಕೆಲಸದ ಜಾಗದಲ್ಲೇ ಬೆಳೆದ ಬುದ್ಧಿ ಅದು.

ಆ ಬುದ್ಧಿ ಇಲಾಖೆಯಿಂದ ಹೇಗೆ ಸೋರಿಹೋಗಿದೆ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ಇಡೀ ರಾಜ್ಯ ನೋಡಿತು. ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಬೇಕಾಗಿ ಬಂದಾಗ ಎರಡು ಮೂರು ರಾಜ್ಯಗಳ ಸರ್ಕಾರಗಳು ಯಾರ ಕಡೆ ನೋಡಿದವು? ಎಂದೋ ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಕಡೆ. ಅವರು ಬಂದರು, ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ಆ ತಾತ್ಕಾಲಿಕ ಗೇಟು ಇಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಜತೆ ನಿಂತು ಕಲಿತ ಹತ್ತು ಜನ ಸೇವೆಯಲ್ಲಿ ಏಕಿರಲಿಲ್ಲ ಎಂದು ಕೇಳಿದವರು ಕಡಿಮೆ. ಕನ್ನಂಬಾಡಿಯ ಗೇಟುಗಳ ಬದಲಾವಣೆ ಈಚಿನ ವರ್ಷಗಳಲ್ಲೇ ನಡೆದಿರುವುದರಿಂದ ಮಂಡ್ಯದವರು ನಿಟ್ಟುಸಿರು ಬಿಟ್ಟರು. ಗೇಟು ಹೊಸದಾಯಿತು ಸರಿ, ಅದನ್ನು ಹಾಕುವಾಗ ಕೆಳಹಂತದ ಸಿಬ್ಬಂದಿಯನ್ನು ಜತೆಗೆ ನಿಲ್ಲಿಸಿ ಕಲಿಸಿದ್ದರೆ ಅದಕ್ಕಿಂತ ಒಳ್ಳೆಯ ತರಬೇತಿ ಇನ್ನಾವುದಿತ್ತು? 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಪ್ರತಿ ದೊಡ್ಡ ಅಣೆಕಟ್ಟೆಗೂ ಅರ್ಹ ಎಂಜಿನಿಯರ್‌ಗಳ ಸುರಕ್ಷತಾ ಘಟಕ ಇರಬೇಕೆನ್ನುತ್ತದೆ. ಘಟಕವನ್ನು ಆದೇಶದಲ್ಲಿ ತೋರಿಸುವುದು ಸುಲಭ.

ಮೈಸೂರು ನಗರದ ಸಮಸ್ಯೆಗೆ ಇನ್ನೊಂದು ಮಗ್ಗುಲಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ನೆಲಕಚ್ಚಿತು. ಇವೆಲ್ಲ ಒಂದೇ ಕಚೇರಿಯ ಸುಪರ್ದಿಯಲ್ಲಿದ್ದವಲ್ಲ, ಆದರೆ ಕೊರತೆ ಒಂದೇ. ಹಳೆಯ ಗೋಡೆ ಸುಣ್ಣದ ಗಾರೆಯದು, ಉಸಿರಾಡುತ್ತದೆ. ಬಿರುಕು ಕಂಡಾಗ ಸಿಮೆಂಟು ಮೆತ್ತಿದರೆ ತೇವ ಹೊರಹೋಗಲಾರದೆ ಒಳಗೇ ಕೂತು ಇಟ್ಟಿಗೆಯನ್ನು ತಿನ್ನುತ್ತದೆ. ಸಿವಿಲ್ ಎಂಜಿನಿಯರಿಂಗ್ ಪದವಿಯಲ್ಲಿ ಸುಣ್ಣದ ಗಾರೆಗೆ ಸಿಗುವುದು ಎರಡು ಪುಟ. ಕಡಿಮೆ ಬೆಲೆಗೆ ಕೂಗಿದವನಿಗೆ ಟೆಂಡರು ಹೋದಾಗ ಅವನು ಕರೆತರುವುದು ಹೊಸ ಬಡಾವಣೆಯಲ್ಲಿ ಸಿಮೆಂಟು ಕಲಸುವ ಮೇಸ್ತ್ರಿಯನ್ನೇ. ಪಾರಂಪರಿಕ ನಗರ ಎಂದು ಬೋರ್ಡು ಹಾಕಿಕೊಂಡ ಊರಿನಲ್ಲಿ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳನ್ನು ಗುರುತಿಸಿ, ಅವರ ಕೈಕೆಳಗೆ ಇಲಾಖೆಯ ವರ್ಕ್ ಇನ್‌ಸ್ಪೆಕ್ಟರ್‌ಗಳನ್ನು ಒಂದು ಋತು ದುಡಿಸಿದರೆ ಸಾಕು. ಪ್ರತ್ಯೇಕ ಅಕಾಡೆಮಿ ಬೇಕಿಲ್ಲ.

ಎಲ್ಲವನ್ನೂ ಯಂತ್ರ, ಕನ್ಸಲ್ಟೆಂಟು, ಥರ್ಡ್ ಪಾರ್ಟಿ ತಪಾಸಣೆಗೆ ವಹಿಸಿಬಿಟ್ಟರೆ ಸಿಬ್ಬಂದಿ ಏಕೆ ಬೇಕು ಎಂಬ ವಾದವೂ ಇದೆ. ದೊಡ್ಡ ಯೋಜನೆಯಲ್ಲಿ ಅದು ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆದರೆ ಡಿಪಿಆರ್ (ವಿಸ್ತೃತ ಯೋಜನಾ ವರದಿ) ಬರೆಯುವವನೂ ಕನ್ಸಲ್ಟೆಂಟು, ತಪಾಸಣೆ ಮಾಡುವವನೂ ಕನ್ಸಲ್ಟೆಂಟು ಎಂದಾದಾಗ ಇವರಿಬ್ಬರ ವರದಿ ಸರಿಯಿದೆಯೇ ಎಂದು ಓದಿ ಹೇಳುವವರು ಇಲಾಖೆಯಲ್ಲಿ ಇರಲೇಬೇಕು. ಕೈಯಲ್ಲಿ ಲೆವೆಲ್ ಹಿಡಿದು ಸರ್ವೆ ಮಾಡದವನಿಗೆ ಬೇರೆಯವರ ಸರ್ವೆಯಲ್ಲಿ ಸುಳ್ಳು ಎಲ್ಲಿದೆ ಎಂದು ಕಾಣುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನನ್ನ ಪ್ರಕಾರ ವರ್ಗಾವಣೆಯಿಂದ. ಸೆಕ್ಷನ್ ಮತ್ತು ಉಪವಿಭಾಗದ ಎಂಜಿನಿಯರ್‌ಗಳ ವರ್ಗಾವಣೆಯನ್ನು ಮಳೆಗಾಲ ಮುಗಿದ ಮೇಲೆ, ನವೆಂಬರ್‌ಗೆ ಇಟ್ಟುಕೊಂಡರೆ ಖರ್ಚಿಲ್ಲ. ಮಕ್ಕಳ ಶಾಲೆಯ ತೊಂದರೆ ನಿಜ, ಮನೆ ಮುಂದಿನ ಜೂನ್‌ನಲ್ಲಿ ಬದಲಿಸಲು ಅವಕಾಶ ಕೊಡಬಹುದು. ಹೋಗುವವರು ಬರುವವರಿಗೆ ಒಂದು ವಾರ ರಸ್ತೆ ತೋರಿಸಿ, ಪ್ರತಿ ರಸ್ತೆಗೂ ಒಂದು ಚರಿತ್ರೆ ಪುಸ್ತಕ ಒಪ್ಪಿಸಬೇಕು: ಯಾವಾಗ ಯಾವ ಪದರ ಹಾಕಿದ್ದು, ಎಲ್ಲಿ ಜೌಗು, ಯಾವ ಮೋರಿ ಚಿಕ್ಕದು. ಪ್ರಾಮಾಣಿಕವಾಗಿ ಬರೆದರೆ ನಾಲ್ಕು ಪುಟ. ಅದಿಲ್ಲದೆ ಪ್ರಭಾರ ಹಸ್ತಾಂತರದ ಸಹಿ ಒಪ್ಪುವುದಿಲ್ಲ ಎಂದರೆ ಮೊದಲ ವರ್ಷ ಗೊಣಗಾಟ ಇರುತ್ತದೆ, ಮೂರನೆಯ ವರ್ಷ ಇರುವುದಿಲ್ಲ.

ಮಂಡ್ಯ, ಮೈಸೂರಿಗೆ ಹೊಸದಾಗಿ ಬಂದ ಎಇಗಳನ್ನು ಎಲ್ಲಿಗೂ ಕಳಿಸಬೇಕಿಲ್ಲ. ಕೃಷ್ಣರಾಜಸಾಗರದ ಪ್ರಯೋಗಾಲಯ ಇಲ್ಲೇ ಇದೆ. ತಮ್ಮ ಸೆಕ್ಷನ್ನಿನ ಮಣ್ಣನ್ನು ತಾವೇ ಅಗೆದು ತಂದು, ನಾಲ್ಕು ದಿನ ನೆನೆಸಿ, ತಾವೇ ಅಳೆದು ನೋಡಲಿ. 15 ಸೆಂಟಿಮೀಟರಿನ ಕಾಂಕ್ರೀಟು ಕ್ಯೂಬು ತಾವೇ ಎರೆದು, ನೀರು ಹಾಕಿ, 28ನೇ ದಿನ ತಾವೇ ಒಡೆಯಲಿ. ನಿವೃತ್ತ ಎಂಜಿನಿಯರ್‌ಗಳು ಕುವೆಂಪುನಗರದಲ್ಲಿ, ಮಂಡ್ಯದ ಸುಭಾಷ್ ನಗರದಲ್ಲಿ ವಾಕಿಂಗ್ ಮಾಡುತ್ತಿದ್ದಾರೆ. ಕರೆದರೆ ಖುಷಿಯಿಂದ ಬರುವವರೇ ಹೆಚ್ಚು. ಕೇರಳ 2021ರಿಂದ ರಸ್ತೆ ಬದಿಯಲ್ಲಿ ಬೋರ್ಡು ಹಾಕಿ, ನಿರ್ವಹಣೆಯ ಹೊಣೆ ಯಾರದು, ಎಲ್ಲಿಯವರೆಗೆ, ಫೋನು ಯಾವುದು ಎಂದು ಬರೆಯುತ್ತಿದೆ. ಅದನ್ನು ಇಲ್ಲಿ ಮಾಡಿದರೆ ಕನಿಷ್ಠ "ಅದು ನಮಗೆ ಬರಲ್ಲ" ಎಂಬ ಉತ್ತರಕ್ಕೆ ಅವಕಾಶ ಇರುವುದಿಲ್ಲ.

ಕೆಳಹಂತದ್ದು ಕಷ್ಟದ ಪ್ರಶ್ನೆ. ಗ್ಯಾಂಗ್‌ಮನ್ ಎಂಬ ಹಳೆಯ ಹುದ್ದೆಯನ್ನೇ ಮರಳಿ ತರಬೇಕೆಂದು ಹೇಳುತ್ತಿಲ್ಲ. ಐಟಿಐ ಓದಿದ ಹುಡುಗರು ಮಂಡ್ಯದಲ್ಲಿ ಬೇಕಾದಷ್ಟಿದ್ದಾರೆ. ಕೆಪಿಎಸ್‌ಸಿಯಂಥ ನೇರ ನೇಮಕಾತಿಯ ಮೂಲಕವೇ, ಉಮಾದೇವಿ ತೀರ್ಪಿಗೆ ಧಕ್ಕೆಯಾಗದ ಹಾಗೆ, ಪ್ರತಿ ಉಪವಿಭಾಗಕ್ಕೆ ಒಂದು ಸಣ್ಣ ನಿರ್ವಹಣಾ ತಂಡ ಕೊಡಬಹುದು: ಒಂದು ಪಿಕಪ್ ಗಾಡಿ, ಒಂದು ಸಣ್ಣ ರೋಲರ್, ನಾಲ್ಕೈದು ಜನ. ಅವರಿಗೆ ಕನ್ನಡದಲ್ಲಿ, ಚಿತ್ರ ಹಾಕಿದ ಒಂದು ಕೈಪಿಡಿ ಬೇಕು. ರಸ್ತೆ ಕಾಂಗ್ರೆಸ್ಸಿನ ಸಂಹಿತೆಗಳೆಲ್ಲ ಇಂಗ್ಲಿಷಿನಲ್ಲಿವೆ, ಗುಂಡಿ ಮುಚ್ಚುವವನು ಅವನ್ನು ಓದುವುದಿಲ್ಲ. ಗುಂಡಿಯ ಅಂಚನ್ನು ಚೌಕವಾಗಿ ಕತ್ತರಿಸಿ, ಧೂಳು ತೆಗೆದು, ಟ್ಯಾಕ್ ಕೋಟ್ (ಅಂಟಲೆಂದು ಬಳಿಯುವ ತೆಳು ಡಾಂಬರು) ಬಳಿದು, ಆಮೇಲೆ ಮಾಲು ತುಂಬಿ ಅದುಮಬೇಕು ಎಂಬಷ್ಟನ್ನು ಎರಡು ಪುಟದಲ್ಲಿ ಹೇಳಬಹುದು. ಈಗ ದಸರಾಕ್ಕೆ ಹದಿನೈದು ದಿನ ಇರುವಾಗ ಮೈಸೂರಿನಲ್ಲಿ ಮಾಡುವ ಹಾಗೆ ನೀರು ನಿಂತ ಗುಂಡಿಗೇ ಜಲ್ಲಿ ಸುರಿದು ಹೋದರೆ ಜಂಬೂ ಸವಾರಿ ಬನ್ನಿಮಂಟಪ ತಲುಪುವವರೆಗೆ ಬಾಳಿಕೆ ಬರುತ್ತದೆ, ಅಷ್ಟೆ.

ಇದಕ್ಕೆ ಆರ್ಥಿಕ ಇಲಾಖೆ ಅಡ್ಡ ಬರುತ್ತದೆ. ಹೊಸ ಹುದ್ದೆ ಎಂದರೆ ಸಂಬಳ, ಪಿಂಚಣಿ, ಮುಂದಿನ ವೇತನ ಆಯೋಗ. ಅವರ ಲೆಕ್ಕ ಅವರದು. ಆ ಲೆಕ್ಕಕ್ಕೆ ಎದುರಾಗಿ ಇಡಬೇಕಾದದ್ದು, ಒಂದೇ ರಸ್ತೆಗೆ ಹತ್ತು ವರ್ಷದಲ್ಲಿ ಎಷ್ಟು ಸಲ ಮರುಡಾಂಬರೀಕರಣದ ಬಿಲ್ಲು ಪಾಸಾಗಿದೆ ಎಂಬ ಪಟ್ಟಿ. ಅದು ಪ್ರತಿ ವಿಭಾಗೀಯ ಕಚೇರಿಯ ಎಂಬಿಗಳಲ್ಲಿ ಇದೆ. ಮಂಡ್ಯ ವಿಭಾಗದ ಹತ್ತು ರಸ್ತೆಗಳನ್ನು ಆರಿಸಿಕೊಂಡು ಆ ಪಟ್ಟಿ ತೆಗೆಯಲು ಒಬ್ಬ ಎಇ, ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಒಂದು ತಿಂಗಳು ಸಾಕು.